ಮಾಣಿಕಪ್ರಭುಗಳ ಪದಗಳು: ಎರಡು ಶತಮಾನದ ಜಮಾ-ಖರ್ಚು

2017ರಲ್ಲಿ ಹುಮನಾಬಾದಿಗೆ ಎರಡು ಸಂಭ್ರಮಗಳು ಬೆನ್ನಿಗೆ ಬೆನ್ನು ಬಂದವು. ಅಕ್ಟೋಬರ್ 29ರಂದು ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ, ಎರಡು ದಶಕ ಕಾದಿದ್ದ ಜನ ಕೊನೆಗೂ ತಮ್ಮೂರಿನ ನಿಲ್ದಾಣದಲ್ಲಿ ಗಾಡಿ ನಿಂತದ್ದನ್ನು ಕಂಡರು. ಡಿಸೆಂಬರಿನಲ್ಲಿ ಊರ ಪಕ್ಕದ ಮಾಣಿಕನಗರದಲ್ಲಿ ಸಂತಕವಿ ಮಾಣಿಕಪ್ರಭುಗಳು ಹುಟ್ಟಿದ ಇನ್ನೂರನೆಯ ವರ್ಷದ ಉತ್ಸವ ನಡೆಯಿತು. ಪತ್ರಿಕೆಗಳು ರೈಲಿಗೆ ಪುಟಗಟ್ಟಲೆ ಕೊಟ್ಟು ಉತ್ಸವಕ್ಕೆ ಕಾಲಂ ಲೆಕ್ಕದಲ್ಲಿ ಕೊಟ್ಟವು. ಅದರಲ್ಲಿ ತಪ್ಪೇನೂ ಇಲ್ಲ. ರೈಲು ಎಂದರೆ ಸರ್ಕಾರ ಕೊಟ್ಟ ಮಾತು, ತಡವಾಗಿಯಾದರೂ ಉಳಿಸಿಕೊಂಡ ಮಾತು. ಪ್ರಭುಗಳ ಪದಗಳ ವಿಷಯದಲ್ಲಿ ಈ ನಾಡಿಗೆ ಯಾರೂ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಹಾಗಾಗಿಯೇ ಆ ಲೆಕ್ಕವನ್ನು ಯಾರೂ ತೆಗೆದು ನೋಡಲಿಲ್ಲವೇನೋ. ಇನ್ನೂರು ವರ್ಷಗಳ ಒಂದು ಹಾಡುಗಾರಿಕೆ ಈ ಬಸವಕಲ್ಯಾಣ-ಹುಮನಾಬಾದ್ ಸೀಮೆಯಲ್ಲಿ ಹೇಗೆ ಬಂದಿತು, ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು ಎಂಬುದನ್ನು ಒಮ್ಮೆ ತಿರುಗಿ ನೋಡುವುದು ಅವಶ್ಯ. ಹಾಡು ಉಳಿದಿದೆ ಎಂದು ನಾವೆಲ್ಲ ಸಮಾಧಾನ ಪಟ್ಟುಕೊಂಡಿದ್ದೇವೆ. ಹಾಡು ಉಳಿದದ್ದು ನಿಜ. ಅದನ್ನು ಕೇಳಲು ಬೇಕಾಗಿದ್ದ ಕಿವಿಯನ್ನು ನಾವು ಉಳಿಸಿಕೊಂಡೆವೇ ಎಂಬುದು ಬೇರೆ ಮಾತು.

ಇಂದು ಬಸವಕಲ್ಯಾಣವೆನ್ನುವ ಕಲ್ಯಾಣದ ನೆಲಕ್ಕೆ ಸಂಗೀತ ಹೊಸದಲ್ಲ. ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಆನೆ, ಬೇಟೆಗಳ ಜೊತೆಗೆ ಗೀತ, ವಾದ್ಯ, ನೃತ್ಯಗಳಿಗೂ ದೊಡ್ಡ ಅಧ್ಯಾಯಗಳಿವೆ. ಅಲ್ಲಿ ಉದಾಹರಣೆಗೆಂದು ಕೊಟ್ಟ ಹಾಡುಗಳಲ್ಲಿ ಸಂಸ್ಕೃತದ ಜೊತೆಗೆ ಕನ್ನಡವೂ ಮರಾಠಿಯೂ ಇವೆ. ಅವನ ಮಗ ಎರಡನೆಯ ಜಗದೇಕಮಲ್ಲನ ಹೆಸರಿನಲ್ಲಿ ‘ಸಂಗೀತಚೂಡಾಮಣಿ’ ಇದೆ. ಒಂದೇ ಆಸ್ಥಾನದಲ್ಲಿ ಹಲವು ನುಡಿಯ ಹಾಡುಗಳನ್ನು ಕೂತು ಕೇಳುವ ರೂಢಿ ಈ ಊರಿಗೆ ಒಂಬತ್ತು ಶತಮಾನದಷ್ಟು ಹಳೆಯದು ಎಂದಾಯಿತು. ಅದೇ ಶತಮಾನದ ನಡುವಿನಲ್ಲಿ ಶರಣರು ಬಂದರು, ಕಲ್ಯಾಣ ಎದ್ದಿತು, ಕಲ್ಯಾಣ ಚದುರಿತು. ಆ ಕಥೆಯನ್ನು ಕನ್ನಡ ಓದುಗರಿಗೆ ಮತ್ತೆ ಹೇಳಬೇಕಿಲ್ಲ.

ಆಮೇಲಿನ ಆರು ನೂರು ವರ್ಷಗಳನ್ನು ನಮ್ಮ ಪಠ್ಯಪುಸ್ತಕಗಳು ಒಂದೇ ಉಸಿರಿಗೆ ದಾಟಿಬಿಡುತ್ತವೆ. ಬಹಮನಿ, ಬರೀದಶಾಹಿ, ಆದಿಲಶಾಹಿ, ಮೊಗಲರು, ಕೊನೆಗೆ ಹೈದರಾಬಾದಿನ ನಿಜಾಮರು. ಕಲ್ಯಾಣದ ಕೋಟೆಯಲ್ಲಿ ಅವರ ಅಧೀನದ ನವಾಬರು. ರಾಜಕೀಯದಲ್ಲಿ ಇದು ಸೋಲು-ಗೆಲುವಿನ ಕಥೆ ಇರಬಹುದು, ಹಾಡಿನ ಮಟ್ಟಿಗೆ ಹಾಗಲ್ಲ. ಕಲಬುರಗಿಯಲ್ಲಿ ಬಂದೇನವಾಜರ ದರ್ಗಾ, ಭೀಮೆಯ ದಂಡೆಯಲ್ಲಿ ಗಾಣಗಾಪುರದ ದತ್ತಪೀಠ, ವಿಜಯಪುರದಲ್ಲಿ ದಖನಿ ನುಡಿಯಲ್ಲಿ ರಾಗಬದ್ಧವಾಗಿ ‘ಕಿತಾಬ್-ಎ-ನವರಸ್’ ಬರೆದ ಎರಡನೆಯ ಇಬ್ರಾಹಿಂ ಆದಿಲಶಾಹ, ಅದೇ ಸೀಮೆಯ ಕಾಖಂಡಕಿಯಲ್ಲಿ ಕನ್ನಡ, ಮರಾಠಿ, ದಖನಿ ಮೂರರಲ್ಲೂ ಪದ ಕಟ್ಟಿದ ಮಹಿಪತಿದಾಸರು. ಸಂತೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಇನ್ನೊಂದು, ದೇವರ ಮುಂದೆ ಮತ್ತೊಂದು ಎಂದು ಬದುಕುತ್ತಿದ್ದ ಜನರಿಗೆ ಒಂದೇ ಕೂಟದಲ್ಲಿ ಮೂರು ಭಾಷೆಯ ಹಾಡು ಕೇಳುವುದು ವಿಶೇಷವೇ ಆಗಿರಲಿಲ್ಲ. ಮಾಣಿಕಪ್ರಭುಗಳು ಹುಟ್ಟಿದ್ದು ಇಂಥ ಜನರ ನಡುವೆ.

ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರ ಡಿಸೆಂಬರ್ 22ರಂದು, ದತ್ತಜಯಂತಿಯ ದಿನವೇ, ಅವರ ಜನನ. ತಂದೆ ಮನೋಹರ ನಾಯಕ, ತಾಯಿ ಬಯಾದೇವಿ. ಮನೆತನದ ಹೆಸರು ಹರಕುಡೆ. ಕಲ್ಯಾಣದ ನವಾಬರ ಚಾಕರಿಯಲ್ಲಿದ್ದ ಸೋದರಮಾವನ ಆಸರೆಯಲ್ಲಿ ಬಾಲ್ಯ ಕಳೆಯಿತು. ಓದು-ಬರಹಕ್ಕಿಂತ ಅಡವಿಯ ಸೆಳೆತ ಹೆಚ್ಚು, ಕೈಗೆ ಬಂದದ್ದನ್ನು ಯಾರು ಕೇಳಿದರೂ ಕೊಟ್ಟುಬಿಡುವ ಹುಡುಗ ಎಂದು ಸಂಪ್ರದಾಯದ ಚರಿತ್ರೆಗಳು ಹೇಳುತ್ತವೆ. ಮಾವನಿಗೆ ಸರಿಬರಲಿಲ್ಲ. ಹುಡುಗ ಮನೆ ಬಿಟ್ಟು ಮಂಠಾಳದ ಕಡೆಯ ಗುಡ್ಡಗಳನ್ನು ಸೇರಿದ, ಊರೂರು ಅಲೆದ. ಕೊನೆಗೆ 1840ರ ದಶಕದಲ್ಲಿ ಹುಮನಾಬಾದಿನ ಪಕ್ಕ, ವಿರಜಾ ಮತ್ತು ಗುರುಗಂಗಾ ಎಂಬ ಎರಡು ಹಳ್ಳಗಳು ಕೂಡುವಲ್ಲಿ ಅವರು ನೆಲೆ ನಿಂತರು. ಅದೇ ಮಾಣಿಕನಗರವಾಯಿತು. ಅಲ್ಲಿ ಅವರು ಕಟ್ಟಿದ್ದನ್ನು ಮಠವೆನ್ನಬೇಕೋ ದರಬಾರು ಎನ್ನಬೇಕೋ ಎಂದು ಅಂದಿನವರಿಗೇ ಗೊಂದಲವಿತ್ತು. ಬಂದ ಕಾಣಿಕೆ ಅಂದಂದೇ ಹಂಚಿಹೋಗುತ್ತಿತ್ತು. ಕೂಡಿಡುವುದು ಎಂಬುದೇ ಇರಲಿಲ್ಲ. ಎಲ್ಲ ಮತಗಳೂ ಒಂದೇ ಎಡೆಗೆ ಒಯ್ಯುತ್ತವೆ, ಯಾವುದನ್ನೂ ಬಿಡಬೇಕಿಲ್ಲ ಎಂಬುದು ಅವರ ‘ಸಕಲಮತ’ದ ತಿರುಳು. ಬ್ರಾಹ್ಮಣರು ಅವರಲ್ಲಿ ದತ್ತನನ್ನು ಕಂಡರು, ಲಿಂಗವಂತರು ಬಸವಣ್ಣನನ್ನು ಕಂಡರು, ಮುಸಲ್ಮಾನರು ಮೆಹಬೂಬ ಸುಬಹಾನಿಯನ್ನು ಕಂಡರು. ಯಾರು ಏನು ಕಂಡರೂ ಪ್ರಭುಗಳು ಇಲ್ಲವೆನ್ನಲಿಲ್ಲ. 1865ರ ನವೆಂಬರ್ 29ರಂದು, ಇನ್ನೂ ನಲವತ್ತೆಂಟು ತುಂಬುವ ಮೊದಲೇ, ಅಲ್ಲಿಯೇ ಸಮಾಧಿಸ್ಥರಾದರು.

ತತ್ತ್ವದ ಮಾತನ್ನು ಪಂಡಿತರಿಗೆ ಬಿಟ್ಟು ನಾವು ಪದಗಳಿಗೆ ಬರೋಣ. ಪ್ರಭುಗಳು ಶಾಸ್ತ್ರಗ್ರಂಥ ಬರೆದು ಮತ ಸ್ಥಾಪಿಸಿದವರಲ್ಲ, ಹಾಡಿ ಸ್ಥಾಪಿಸಿದವರು. ಮರಾಠಿಯಲ್ಲಿ, ದಖನಿ ಬೆರೆತ ಹಿಂದಿಯಲ್ಲಿ, ಕನ್ನಡದಲ್ಲಿ, ಸಂಸ್ಕೃತದಲ್ಲಿ ಅವರ ಪದಗಳಿವೆ. ಅವು ಒಂದು ಭಾಷೆಯಲ್ಲಿ ಹುಟ್ಟಿ ಇನ್ನೊಂದಕ್ಕೆ ತಿರುಗಿಸಿದವಲ್ಲ. ಎದುರಿಗೆ ಕೂತವನು ಯಾರೋ ಅವನ ನುಡಿಯಲ್ಲಿ, ಅವನ ದೇವರ ಹೆಸರಿನಲ್ಲಿ ಹುಟ್ಟಿದವು. ಗಣಪತಿಗೊಂದು, ದೇವಿಗೊಂದು, ಖಂಡೋಬನಿಗೊಂದು, ವಿಠಲನಿಗೊಂದು. ವಾರದ ಏಳು ದಿನಕ್ಕೆ ಏಳು ಬಗೆಯ ಪದಗಳನ್ನು ಹೊಂದಿಸಿದ ಸಪ್ತಾಹ ಭಜನೆಯ ಕ್ರಮ ಮಾಣಿಕನಗರದಲ್ಲಿ ಬೆಳೆದು ಬಂದಿದೆ. ಮಾರ್ಗಶಿರದ ಆರಾಧನೆಯಿಂದ ದತ್ತಜಯಂತಿಯ ದರಬಾರಿನವರೆಗೆ ದೂರದೂರದ ಗವಾಯಿಗಳು ಬಂದು ಸೇವೆ ಸಲ್ಲಿಸುವ ಪದ್ಧತಿಯೂ ಇದೆ. ಅಲ್ಲಿ ಹಾಡುಗಾರ ಅತಿಥಿಯಲ್ಲ, ಪೂಜಾರಿಯಷ್ಟೇ ಬೇಕಾದವನು. ಹಾಡು ನಿಂತರೆ ಪೂಜೆ ಅರ್ಧಕ್ಕೇ ನಿಂತಂತೆ.

ಇಲ್ಲೊಂದು ಅಡ್ಡಮಾತು. ಹಾಡಿನ ಸುತ್ತ ಕಟ್ಟಿದ ಇಂಥ ದಿನಚರಿ ನಮ್ಮಲ್ಲಿ ಮಾತ್ರ ಇತ್ತೆಂದು ಹೆಮ್ಮೆಪಡಬೇಕಿಲ್ಲ. ಪ್ರಭುಗಳಿಗೆ ನೂರು ವರ್ಷ ಹಿಂದೆ ಜರ್ಮನಿಯ ರೇಗನ್ಸ್‌ಬರ್ಗ್ ನಗರದ ಹತ್ತಿರ ಪ್ರ್ಯೂಫೆನಿಂಗ್ ಎಂಬ ಬೆನೆಡಿಕ್ಟೈನ್ ಮಠದಲ್ಲಿ ಮಾರಿಯಾನುಸ್ ಕ್ಯೋನಿಗ್ಸ್‌ಪೆರ್ಗರ್ ಎಂಬ ಸನ್ಯಾಸಿಯಿದ್ದ. ಹುಟ್ಟಿದ್ದು 1708, ತೀರಿದ್ದು 1769. ಮಠದ ಆರ್ಗನ್ ನುಡಿಸುವುದು, ಗಾಯಕವೃಂದವನ್ನು ತಿದ್ದುವುದು, ಪೂಜೆಗೆ ಬೇಕಾದ ಸಂಗೀತ ಬರೆಯುವುದು ಅವನ ಕಾಯಕ. ದೊಡ್ಡ ಆಸ್ಥಾನಗಳ ಮೆಚ್ಚುಗೆಗಿಂತ ಸಣ್ಣ ಹಳ್ಳಿಗಳ ಚರ್ಚುಗಳಲ್ಲಿ ನಾಲ್ಕಾರು ಜನ ಸೇರಿ ಹಾಡಲು ಬರುವಂಥ ಸರಳ ರಚನೆಗಳನ್ನೂ ಅವನು ಮಾಡಿದ. ಆಗ್ಸ್‌ಬರ್ಗಿನ ಲಾಟರ್ ಮುದ್ರಣಾಲಯ ಅವನ್ನು ಅಚ್ಚು ಹಾಕಿತು. ಮೊಝಾರ್ಟನ ತಂದೆಯ ಪಿಟೀಲು ಪಾಠದ ಪುಸ್ತಕ 1756ರಲ್ಲಿ ಅಚ್ಚಾದದ್ದೂ ಅಲ್ಲಿಯೇ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ 1109ರಲ್ಲಿ ಸ್ಥಾಪನೆಯಾದ ಆ ಮಠ 1803ರಲ್ಲಿ, ಬವೇರಿಯಾದ ಸರ್ಕಾರ ಮಠಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಾಗ, ಮುಚ್ಚಿಹೋಯಿತು. ಅವನು ದಿನವೂ ಹಾಡಿಸಿದ ಸನ್ಯಾಸಿಗಳ ಸಾಲು ಅಲ್ಲಿಗೆ ಮುಗಿಯಿತು. ಆದರೆ ಬರೆದ ಸ್ವರ ಗ್ರಂಥಾಲಯಗಳಲ್ಲಿ ಅಕ್ಷರಶಃ ಹಾಗೆಯೇ ಉಳಿದಿದೆ. ನಮ್ಮಲ್ಲಿ ಆದದ್ದು ತದ್ವಿರುದ್ಧ. ಗಾದಿ ಉಳಿಯಿತು, ದೀಪ ಆರಲಿಲ್ಲ, ಹಾಡುವವರ ಸಾಲು ಕಡಿಯಲಿಲ್ಲ. ಆದರೆ ಪ್ರಭುಗಳು ಹಾಡಿದ ಧಾಟಿ ಯಾವುದೆಂದು ತೋರಿಸಲು ನಮ್ಮ ಬಳಿ ಒಂದು ಸಾಲು ಸ್ವರಲಿಪಿಯೂ ಆ ಕಾಲದ್ದಿಲ್ಲ. ಇರುವ ಸಾಧ್ಯತೆಯೂ ಇರಲಿಲ್ಲ. ಭಾತಖಂಡೆಯವರ ಸ್ವರಲಿಪಿಯ ಪುಸ್ತಕಗಳು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಗ್ರಾಮಫೋನ್ ಧ್ವನಿಮುದ್ರಣ ಈ ದೇಶದಲ್ಲಿ ಶುರುವಾದದ್ದು 1902ರಲ್ಲಿ, ಪ್ರಭುಗಳು ಹೋಗಿ ಮೂವತ್ತೇಳು ವರ್ಷವಾದ ಮೇಲೆ.

ನಮ್ಮ ಕಡೆಯ ಹಳೆಯ ಪದಮಾಲೆಗಳನ್ನು ಕೈಗೆತ್ತಿಕೊಂಡವರಿಗೆ ಈ ಕೊರತೆ ಗೊತ್ತು. ಪದದ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ರಾಗದ ಹೆಸರು, ಪಕ್ಕದಲ್ಲಿ ತಾಳದ ಹೆಸರು, ಕೆಳಗೆ ಪಲ್ಲವಿ, ಅದರ ಕೆಳಗೆ ಚರಣಗಳು, ಅಷ್ಟೇ. ಉಳಿದದ್ದನ್ನು ಗುರುವಿನ ಬಾಯಿಂದ ಕಲಿಯಬೇಕು. ಭೈರವಿ, ದೀಪಚಂದಿ ಎಂದು ಬರೆದುಬಿಟ್ಟರೆ ಪದ ಕಣ್ಣಿಗೆ ಕಂಡೀತು, ಕಿವಿಗೆ ಕೇಳಿಸಲಾರದು. ಭೈರವಿಯನ್ನು ಹತ್ತು ಕಡೆಯಿಂದ ಎತ್ತಬಹುದು. ಇಲ್ಲಿ ಎತ್ತಿದ್ದು ಎಲ್ಲಿಂದ, ಪಲ್ಲವಿಗೆ ಮರಳುವಾಗ ಎಲ್ಲಿ ತಡೆದು ನಿಲ್ಲಬೇಕು, ಸಮ ಬೀಳುವುದು ಯಾವ ಅಕ್ಷರದ ಮೇಲೆ, ಇದೆಲ್ಲ ಹೇಳಿಕೊಡುವವರು ಇದ್ದಷ್ಟು ದಿನ ಇರುತ್ತದೆ. ಅವರು ಹೋದಾಗ ರಾಗದ ಹೆಸರು ಮಾತ್ರ ಪುಟದ ಮೇಲೆ ಉಳಿಯುತ್ತದೆ.

ಈ ನಡುವೆ ಪೇಟಿ ಬಂತು. ಹಾರ್ಮೋನಿಯಂ ಹೆಸರಿನಲ್ಲಿ ಪ್ಯಾರಿಸ್ಸಿನ ದೆಬಾಂ ಎಂಬವನು ಹಕ್ಕುಪತ್ರ ಪಡೆದದ್ದು 1842ರಲ್ಲಿ. ಕಾಲಿನಿಂದ ತುಳಿಯುವ ಆ ವಾದ್ಯ ಕೈಯಿಂದ ತಿದಿ ಒತ್ತುವ ಪೆಟ್ಟಿಗೆಯಾಗಿ ಕಲಕತ್ತೆಯಲ್ಲಿ ತಯಾರಾದದ್ದು 1870ರ ದಶಕದಲ್ಲಿ. ಚರ್ಚಿನ ಆರ್ಗನ್ನಿನ ದೂರದ ಬಡ ನೆಂಟ ನಮ್ಮ ಗುಡಿಗಳಿಗೆ ಹೀಗೆ ಬಂದು ಸೇರಿಕೊಂಡಿತು. ಭಜನಿ ಮೇಳಗಳಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ತಂಬೂರಿ ಶ್ರುತಿ ಮಾಡಲು ಬಾರದ ಹಳ್ಳಿಯಲ್ಲೂ ‘ಕಾಳಿ ಒಂದು ಹಿಡೀರಿ’ ಎಂದರೆ ಸಾಕು, ಹತ್ತು ಜನ ಒಂದೇ ಸ್ವರಕ್ಕೆ ಬಂದು ನಿಲ್ಲುತ್ತಾರೆ. ಎಡಗೈ ತಿದಿಯ ಮೇಲೆ, ಬಲಗೈ ಪಟ್ಟಿಗಳ ಮೇಲೆ, ಪಕ್ಕದಲ್ಲಿ ತಬಲಾ-ಡಗ್ಗಾ, ಹಿಂದೆ ತಾಳ ಹಿಡಿದ ನಾಲ್ಕು ಜನ. ಪೇಟಿ ಮಾಸ್ತರ ಒಮ್ಮೆ ಪಲ್ಲವಿಯನ್ನು ನುಡಿಸಿ ಬಿಟ್ಟರೆ ಹೊಸಬನೂ ದಾರಿ ತಪ್ಪುವುದಿಲ್ಲ. ಆದರೆ ಪೇಟಿಯ ಪಟ್ಟಿಗಳ ನಡುವೆ ಜಾಗವಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದು ಒಯ್ಯುವ ಮೀಂಡು ಅದರಲ್ಲಿ ಬಾರದು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟದ್ದಕ್ಕೆ ಹೇಳಿದ ಕಾರಣಗಳಲ್ಲಿ ಇದೂ ಒಂದು. ಆಕಾಶವಾಣಿಯದು ಅತಿರೇಕವೆಂದೇ ನಮ್ಮ ಅಭಿಪ್ರಾಯ. ಆದರೂ ಪೇಟಿಯ ಬೆರಳಿಗೆ ಒಗ್ಗದ ತಿರುವುಗಳು ಧಾಟಿಯಿಂದ ಮೆಲ್ಲಗೆ ಉದುರಿಹೋಗುವುದು ಉಂಟು; ಅದರ ಜಾಗದಲ್ಲಿ ನಾಟ್ಯಗೀತೆಯದೋ ಸಿನಿಮಾದ್ದೋ ಎತ್ತುಗಡೆ ಬಂದು ಕೂರುವುದೂ ಉಂಟು.

ಪ್ರಭುಗಳ ನಂತರ ಗಾದಿಗೆ ಬಂದ ಮನೋಹರ ಪ್ರಭುಗಳು ಎಳೆಯ ವಯಸ್ಸಿನವರು, ಬದುಕಿದ್ದೂ ಸ್ವಲ್ಪ ಕಾಲ. ಅವರ ತರುವಾಯ ಮಾರ್ತಾಂಡ ಪ್ರಭುಗಳು. 1936ರವರೆಗೆ, ಅರ್ಧ ಶತಮಾನದಷ್ಟು ದೀರ್ಘವಾದ ಕಾಲ ಅವರದು. ವೇದಾಂತದಲ್ಲಿ ಗಟ್ಟಿಗರು, ತಾವೂ ಪದಗಳನ್ನು ಕಟ್ಟಿದವರು. ಮೊದಲ ಪ್ರಭುಗಳು ಎದುರಿಗೆ ಬಂದವನಿಗಾಗಿ ಹಾಡಿದ್ದರೆ, ಮಾರ್ತಾಂಡ ಪ್ರಭುಗಳ ಕಾಲದಲ್ಲಿ ಸಂಪ್ರದಾಯಕ್ಕೆ ಒಂದು ಕಟ್ಟು ಬಂತು: ಪದ್ಧತಿ, ಉತ್ಸವ, ಗ್ರಂಥ, ಶಿಷ್ಯವರ್ಗ. ನಿಜಾಮರ ಸೀಮೆಯ ಜಹಗೀರದಾರರು, ದೇಶಮುಖರು, ವಕೀಲರು, ಹೈದರಾಬಾದಿನ ಹಿಂದೂ-ಮುಸ್ಲಿಂ ಅಧಿಕಾರಿಗಳು ಇಂಥ ದರಬಾರುಗಳಿಗೆ ಬಂದು ಕೂರುತ್ತಿದ್ದ ಕಾಲವದು. ಆ ಜನ ಮನೆಯಲ್ಲಿ ಕನ್ನಡವೋ ಮರಾಠಿಯೋ ಆಡುತ್ತಿದ್ದರು, ಕಚೇರಿಯಲ್ಲಿ ಉರ್ದು ಬರೆಯುತ್ತಿದ್ದರು, ಲೆಕ್ಕದ ಚೋಪಡಿಯಲ್ಲಿ ಮೋಡಿ ಲಿಪಿ ಓದುತ್ತಿದ್ದರು. ಉರ್ದು ಅವರ ಮೇಲೆ ಹೇರಿದ್ದೇ ಹೌದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಶುರುವಾದಾಗ ಕನ್ನಡದ ಮಕ್ಕಳಿಗೆ ಬಾಗಿಲು ಇನ್ನಷ್ಟು ಕಿರಿದಾಯಿತು. ಆ ಹೇರಿಕೆಯನ್ನು ಹೊಗಳುವ ಮನಸ್ಸು ನಮಗಿಲ್ಲ. ಆದರೆ ಅದರ ಒಂದು ಉಪಫಲವಾಗಿ, ದಖನಿ ಪದವೊಂದನ್ನು ಕೇಳಿ ತಲೆದೂಗಿದವನೇ ಮರುಗಳಿಗೆಯಲ್ಲಿ ಕನ್ನಡ ಪದಕ್ಕೂ ಅಷ್ಟೇ ತಿಳಿದು ತಲೆದೂಗುತ್ತಿದ್ದ. ಇಂಥ ಕೇಳುಗ ಆ ದಿನಗಳಲ್ಲಿ ಈ ಸೀಮೆಯಲ್ಲಿ ಸಾಮಾನ್ಯ ಮನುಷ್ಯ.

ಮಾರ್ತಾಂಡ ಪ್ರಭುಗಳ ನಂತರ ಬಂದ ಶಂಕರ ಪ್ರಭುಗಳ ಕಾಲ ಮುಗಿದು 1945ರಲ್ಲಿ ಸಿದ್ಧರಾಜ ಮಾಣಿಕಪ್ರಭುಗಳು ಗಾದಿಗೆ ಬಂದಾಗ ಅವರಿಗೆ ಆರು ವರ್ಷ. ಮೂರೇ ವರ್ಷಕ್ಕೆ ಈ ನಾಡು ಕುದಿಯತೊಡಗಿತು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ ನಿಜಾಮರ ಪರದ ರಜಾಕಾರರು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಸೆಪ್ಟೆಂಬರ್ 17ಕ್ಕೆ ನಿಜಾಮರು ಭಾರತದ ಸೇನೆಗೆ ಶರಣಾದರು, ಜನ ಬಿಡುಗಡೆಯ ಉಸಿರು ಬಿಟ್ಟರು. ಅದರ ಬೆನ್ನಲ್ಲೇ ಏನಾಯಿತೆಂಬುದನ್ನು ನಾವು ಅಷ್ಟು ಬಾಯಿ ಬಿಟ್ಟು ಹೇಳುವುದಿಲ್ಲ. ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಪೊಲೀಸ್ ಕಾರ್ಯಾಚರಣೆ ಎಂದು ಕರೆದ ಆ ಸೇನಾ ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ ಹೈದರಾಬಾದ್ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು; ಸತ್ತವರಲ್ಲಿ ಹೆಚ್ಚಿನವರು ಮುಸಲ್ಮಾನರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದವು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ. ಆ ವರದಿ ದಶಕಗಳ ಕಾಲ ಕಪಾಟಿನಲ್ಲಿ ಕೂತಿತ್ತು. ಗೋರಟಾಕ್ಕೆ 2023ರಲ್ಲಿ ಸ್ಮಾರಕ ಬಂದಿದೆ, ಬರಬೇಕಾದದ್ದೇ. ಎರಡನೆಯ ಸಾವುಗಳಿಗೆ ಈ ಸೀಮೆಯಲ್ಲಿ ಒಂದು ಕಲ್ಲೂ ಇದ್ದಂತಿಲ್ಲ. ಸಕಲಮತದ ಹಾಡಿಗೆ ಬೇಕಾಗಿದ್ದ ಕೂಟ ಮುರಿದದ್ದು ಆ ಐದಾರು ತಿಂಗಳಲ್ಲಿ. ಮಾಣಿಕನಗರದ ಬಾಗಿಲು ಯಾರಿಗೂ ಮುಚ್ಚಲಿಲ್ಲ. ಆದರೆ ಅಕ್ಕಪಕ್ಕ ಕೂತು ಕೇಳುವವರ ನಡುವೆ ಅದುವರೆಗೆ ಇಲ್ಲದ ಒಂದು ಗೆರೆ ಬಂತು. ಮರು ವರ್ಷ ಜಹಗೀರುಗಳು ರದ್ದಾದವು. ರೈತನಿಗೆ ಅದರಿಂದ ನ್ಯಾಯ ಸಿಕ್ಕಿತು. ಜಹಗೀರದಾರನ ಅಂಗಳದಲ್ಲಿ ವರ್ಷಕ್ಕೆ ಎರಡು ಸಲ ಹಾಡಿ ಹೊಟ್ಟೆ ಹೊರೆಯುತ್ತಿದ್ದ ಗವಾಯಿಗೆ ಬದಲಿ ದಾರಿ ಯಾರೂ ತೋರಲಿಲ್ಲ.

ಆಮೇಲೆ 1956 ಬಂತು. ಏಕೀಕರಣದ ಹಬ್ಬವನ್ನು ನಮ್ಮ ಹಿರಿಯರು ಕಣ್ಣೀರು ತುಂಬಿ ಆಚರಿಸಿದ್ದು ಸುಳ್ಳಲ್ಲ. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರಂಥವರ ಹಟಕ್ಕೆ ಸಿಕ್ಕ ಫಲ ಅದು. ಕನ್ನಡದ ಶಾಲೆ, ಕನ್ನಡದ ಕಚೇರಿ, ಕನ್ನಡದ ಫಲಕ. ಈ ಗಳಿಕೆಯನ್ನು ಯಾವ ತಕ್ಕಡಿಯಲ್ಲಿ ಇಟ್ಟರೂ ಹಗುರಾಗದು. ಕಲ್ಯಾಣಿ ಬಸವಕಲ್ಯಾಣವಾಯಿತು, ಪಟ್ಟದ್ದೇವರ ಮುಂದಾಳತ್ವದಲ್ಲಿ ಅನುಭವ ಮಂಟಪದ ಕಟ್ಟಡ ಎದ್ದಿತು. ಆದರೆ ಹಳೆಯ ಬೀದರ ಜಿಲ್ಲೆ ಅದೇ ವರ್ಷ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಬೀದರ, ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣ ಮೈಸೂರಿಗೆ. ಪ್ರಭುಗಳ ಪದ ಹಾಡುತ್ತಿದ್ದ ಮನೆಗಳು ಮೂರು ರಾಜ್ಯದಲ್ಲಿ ಹಂಚಿಹೋದವು. ದತ್ತಜಯಂತಿಗೆ ಬರುವುದನ್ನು ಅವರು ಬಿಡಲಿಲ್ಲ. ಮಕ್ಕಳ ಶಾಲೆ ಮಾತ್ರ ಬೇರೆಯಾಯಿತು. ಉದಗೀರದ ಮೊಮ್ಮಗನಿಗೆ ಕನ್ನಡ ಪದ ಹತ್ತಲಿಲ್ಲ, ಹುಮನಾಬಾದಿನ ಮೊಮ್ಮಗನಿಗೆ ಮರಾಠಿ ಪದದ ಅರ್ಥ ಆಗಲಿಲ್ಲ, ದಖನಿ ಪದ ಇಬ್ಬರಿಗೂ ಪರದೇಶಿಯಾಯಿತು. ಭಾಷಾವಾರು ಪ್ರಾಂತ ಬೇಡವಿತ್ತು ಎನ್ನುವುದಿಲ್ಲ. ಆದರೆ ನಕ್ಷೆ ಬರೆದವರಿಗೆ ಹೊಲ, ನದಿ, ಜನಸಂಖ್ಯೆ ಕಂಡವು, ಕೂಟ ಕಾಣಲಿಲ್ಲ. ಸಾಹಿತ್ಯ ಚರಿತ್ರೆ ಬರೆದವರೂ ಅದನ್ನೇ ಮಾಡಿದರು. ಮರಾಠಿಯಲ್ಲಿ ಹೆಚ್ಚು ಹಾಡಿದರೆಂದು ಕನ್ನಡದವರು ಪ್ರಭುಗಳನ್ನು ಅಂಚಿಗೆ ಸರಿಸಿದರು, ಕರ್ನಾಟಕದವರೆಂದು ಮರಾಠಿಯವರೂ ಅಂಚಿನಲ್ಲೇ ಇಟ್ಟರು.

ನಿಜಾಮರ ಕಾಲದಲ್ಲಿ ಹೈದರಾಬಾದಿನ ದಖನ್ ರೇಡಿಯೊ ಒಂದೇ ಕೇಂದ್ರದಿಂದ ಉರ್ದು, ತೆಲುಗು, ಮರಾಠಿ, ಕನ್ನಡಗಳಲ್ಲಿ ಪ್ರಸಾರ ಮಾಡುತ್ತಿತ್ತು. 1966ರಲ್ಲಿ ಕಲಬುರಗಿಗೆ ತನ್ನದೇ ಆಕಾಶವಾಣಿ ಬಂತು. ಹಳ್ಳಿಯ ತತ್ತ್ವಪದ, ಗೀಗೀ ಪದ, ಸೋಬಾನೆಗಳು ಮೊದಲ ಸಲ ತಮ್ಮ ಸೀಮೆಯ ಗಾಳಿಯಲ್ಲಿ ಕೇಳಿಬಂದವು. ಇದೇ ದಶಕಗಳಲ್ಲಿ ವಚನಗಳಿಗೆ ಹಿಂದುಸ್ತಾನಿಯ ಕಂಠ ಸಿಕ್ಕಿತು. ಮಲ್ಲಿಕಾರ್ಜುನ ಮನಸೂರರು, ನಮ್ಮ ರಾಯಚೂರಿನ ಕಡೆಯ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ಮೇಲೆ ಕಲ್ಯಾಣದ ಮಾತು ಮತ್ತೆ ಸಂಗೀತವಾಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳ ಕೈಗೆ ಪೇಟಿ, ತಬಲಾ, ಸಾರಂಗಿ ಕೊಟ್ಟು, ಅನ್ನ ಇಕ್ಕಿ, ಊರೂರಿಗೆ ಗವಾಯಿಗಳನ್ನು ಕಳಿಸಿದರು. ಮಠವೊಂದು ಸಂಗೀತವನ್ನು ಹೇಗೆ ಸಾಕಬೇಕು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಅದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ. ಆಶ್ರಮ ಉಳಿಸಿದ್ದು ಒಬ್ಬ ಗುರುವಿನ ಪದಗಳನ್ನಷ್ಟೇ ಅಲ್ಲ, ಹಾಡಿ ಬದುಕುವ ದಾರಿಯನ್ನು.

ಮಾಣಿಕನಗರದಲ್ಲಿ ಸಿದ್ಧರಾಜ ಪ್ರಭುಗಳ ಅರವತ್ತನಾಲ್ಕು ವರ್ಷಗಳ ದೀರ್ಘ ಕಾಲ ಒಂದು ರೀತಿಯಲ್ಲಿ ರಕ್ಷಣೆಯ ಕಾಲ. ಜಹಗೀರಿನ ಜಗತ್ತು ಕುಸಿದ ಮೇಲೂ ಉತ್ಸವ ತಪ್ಪಲಿಲ್ಲ, ಸಂಗೀತ ದರಬಾರು ತಪ್ಪಲಿಲ್ಲ. ಸ್ವತಃ ಸಂಗೀತ ಬಲ್ಲವರಾದ್ದರಿಂದ ಗವಾಯಿಗೆ ಅಲ್ಲಿ ಮರ್ಯಾದೆ ಕಡಿಮೆಯಾಗಲಿಲ್ಲ. ಜೊತೆಗೆ ಶಾಲೆಗಳು ಬಂದವು. ಮಾಣಿಕ ಪಬ್ಲಿಕ್ ಶಾಲೆಯ ಹೆಸರು ಇಂದು ಜಿಲ್ಲೆಯ ಹೊರಗೂ ಗೊತ್ತು, ಅಂಧ ಮಕ್ಕಳ ಶಾಲೆಯೂ ನಡೆದಿದೆ. ತೊಗರಿ, ಜೋಳ ಬೆಳೆಯುವ, ಓದಲು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಬೇಕಾಗಿದ್ದ ಸೀಮೆಗೆ ಶಾಲೆ ಎಂದರೆ ಎಂಥ ಗಳಿಕೆ ಎಂಬುದನ್ನು ಹೊರಗಿನವರು ಸುಲಭಕ್ಕೆ ಅರಿಯಲಾರರು. ಆದರೆ ಗಾದಿಯ ಶಕ್ತಿ ಹಾಡಿನಿಂದ ಶಾಲೆಯತ್ತ ಸ್ವಲ್ಪ ಹೊರಳಿತು ಎನ್ನುವುದೂ ನಿಜ. ಅದು ಕಾಲದ ಬೇಡಿಕೆ, ದೂರುವಂಥದ್ದಲ್ಲ. 2009ರಲ್ಲಿ ಅವರು ಹೋದ ಮೇಲೆ ಗಾದಿ ಜ್ಞಾನರಾಜ ಮಾಣಿಕಪ್ರಭುಗಳಿಗೆ ಬಂತು. ಇಂದು ಭಜನೆಯನ್ನು ಪುಣೆಯ ಫ್ಲಾಟಿನಲ್ಲೋ ಅಮೆರಿಕದ ಅಡುಗೆಮನೆಯಲ್ಲೋ ಮೊಬೈಲಿನಲ್ಲಿ ಕೇಳಬಹುದು. ಪ್ರಭುಗಳ ಪದಗಳು ಇಷ್ಟು ಜನರ ಕೈಗೆ ಎಂದೂ ಸಿಕ್ಕಿರಲಿಲ್ಲ.

ಹಾಗಿದ್ದರೆ ಕೊರತೆ ಎಲ್ಲಿ? ಧ್ವನಿಮುದ್ರಣ ಸುಲಭವಾದಷ್ಟೂ ಧಾಟಿಗಳು ಒಂದೇ ಅಚ್ಚಿಗೆ ಬೀಳುತ್ತವೆ. ಒಂದೇ ಪದವನ್ನು ಲಾತೂರಿನ ಮನೆಯವರು ಒಂದು ರೀತಿ, ಜಹೀರಾಬಾದಿನವರು ಇನ್ನೊಂದು ರೀತಿ, ಹಾರಕೂಡದ ಕಡೆಯ ಭಜನಿ ಮೇಳದವರು ಮತ್ತೊಂದು ರೀತಿ ಎತ್ತುವ ದಿನಗಳಿದ್ದವು. ಮೊಬೈಲಿನಲ್ಲಿ ಒಂದು ಧಾಟಿ ಬಂದು ಕೂತರೆ ಉಳಿದವು ತಪ್ಪು ಎನ್ನಿಸಿಕೊಳ್ಳುತ್ತವೆ. ಇನ್ನು ಕನ್ನಡ ಪದಗಳ ಮಾತು. ಕನ್ನಡಕ್ಕಾಗಿ ಇಷ್ಟು ಹೋರಾಡಿದ ನಾಡಿನಲ್ಲೇ, ಈ ಸಂಪ್ರದಾಯದ ಕನ್ನಡ ಪದಗಳು ನಮ್ಮ ಶಾಲೆ-ಕಾಲೇಜುಗಳ ಗಡಿಯೊಳಗೆ ಕಾಲಿಡಲಿಲ್ಲ. ದಾಸರ ಪದಕ್ಕೆ, ವಚನಕ್ಕೆ, ತತ್ತ್ವಪದಕ್ಕೆ ಸಿಕ್ಕ ಸಂಪಾದಕರು ಇವಕ್ಕೆ ಸಿಗಲಿಲ್ಲ. ದಖನಿ ಪದಗಳ ಗತಿಯಂತೂ ಇನ್ನೂ ತ್ರಿಶಂಕು: ಹಿಂದಿ ವಿಭಾಗದವರಿಗೆ ಅವು ಉರ್ದು, ಉರ್ದುವಿನವರಿಗೆ ಅವು ಭಜನೆ.

2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು. ಅದಕ್ಕೂ ಮೊದಲು ಸಂವಿಧಾನದ 371ಜೆ ವಿಧಿ ಬಂದು ಉದ್ಯೋಗ, ಸೀಟುಗಳಲ್ಲಿ ಈ ಸೀಮೆಯ ಮಕ್ಕಳಿಗೆ ಪಾಲು ಸಿಕ್ಕಿತು. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ 500 ಕೋಟಿ ರೂಪಾಯಿ ಅಂದಾಜಿನ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಕಲ್ಲು, ಕಂಬ, ಗೋಪುರಗಳಿಗೆ ಹಣ ಹೇಗೋ ಬರುತ್ತದೆ. ಅಭಿವೃದ್ಧಿ ಮಂಡಳಿಗಳ ಕಡತದಲ್ಲಿ ರಸ್ತೆಗೆ, ಕಟ್ಟಡಕ್ಕೆ ಕಾಲಂ ಇದೆ, ಧಾಟಿಗೆ ಕಾಲಂ ಇಲ್ಲ. ಈ ಕೆಲಸಕ್ಕೆ ಬೇಕಾದದ್ದು ದೊಡ್ಡ ಮೊತ್ತವೇನೂ ಅಲ್ಲ. ಉದಗೀರ, ನಿಲಂಗಾ, ಸೊಲ್ಲಾಪುರ, ಜಹೀರಾಬಾದ್, ಕಲಬುರಗಿಗಳ ಹಳೆಯ ಭಕ್ತ ಮನೆಗಳಲ್ಲಿ ಕೈಬರಹದ ಪದವಹಿಗಳು ಟ್ರಂಕಿನೊಳಗೆ ಇದ್ದಾವು. ಅವನ್ನು ನಾಲ್ಕು ಭಾಷೆ ಬಲ್ಲ ಇಬ್ಬರು ಮೂವರು ಕೂತು ಓದಬೇಕು. ಎಂಬತ್ತು ದಾಟಿದ ಪೇಟಿ ಮಾಸ್ತರರನ್ನು, ಅವರ ಮನೆಯ ಹೆಣ್ಣುಮಕ್ಕಳನ್ನು ಕೂರಿಸಿ ಪದ ಹಾಡಿಸಿ, ಯಾವ ಊರಿನ ಧಾಟಿ, ಯಾರಿಂದ ಕಲಿತದ್ದು ಎಂದು ಗುರುತು ಹಾಕಿ ಇಡಬೇಕು. ಕನ್ನಡ, ಮರಾಠಿ, ಉರ್ದು ವಿಭಾಗಗಳು ಒಂದೇ ಮೇಜಿಗೆ ಬರಬೇಕು. ಅನುಭವ ಮಂಟಪದ ಹೊಸ ಕಟ್ಟಡದಲ್ಲಿ ಇದಕ್ಕೊಂದು ಕೋಣೆ ಕೇಳಿದರೆ ಶರಣರು ಬೇಡವೆನ್ನಲಾರರು. ಅಧಿಕಾರಿಗಳು ಏನೆನ್ನುತ್ತಾರೋ ಕೇಳಿ ನೋಡಬೇಕು. ಬೆಂಗಳೂರಿನಿಂದ ಯಾರಾದರೂ ಬಂದು ಮಾಡಿಕೊಡುವ ಕೆಲಸ ಇದಲ್ಲ. ಬಸವಕಲ್ಯಾಣ-ಹುಮನಾಬಾದಿನ ಕಾಲೇಜುಗಳ ಕನ್ನಡ, ಉರ್ದು ಮೇಷ್ಟ್ರುಗಳು ಒಂದು ಬೇಸಿಗೆ ರಜೆಯಲ್ಲಿ ಶುರು ಮಾಡಬಹುದಾದದ್ದು, ಹಾಡಬಲ್ಲ ಆ ಹಿರಿಯರು ನಮ್ಮ ನಡುವೆ ಇರುವಾಗಲೇ.